ದೊಡ್ಡಕರುಳಿನ ಕ್ಯಾನ್ಸರ್ ನಂತರ: ತೂಕ ಇಳಿಸುವ ಮೊದಲು ಸ್ನಾಯು ಉಳಿಸಿ

1999ರಿಂದ 2001ರ ನಡುವೆ ಅಮೆರಿಕದಲ್ಲಿ ಒಂದು ಕೀಮೋ ಪ್ರಯೋಗಕ್ಕೆ ರೋಗಿಗಳನ್ನು ಸೇರಿಸಿಕೊಂಡರು. ಎಲ್ಲರದೂ ಮೂರನೇ ಹಂತದ ದೊಡ್ಡಕರುಳಿನ ಕ್ಯಾನ್ಸರ್. ಅಂದರೆ ಗೆಡ್ಡೆ ಪಕ್ಕದ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಮುಟ್ಟಿತ್ತು, ದೂರದ ಅಂಗಗಳಿಗೆ ಹೋಗಿರಲಿಲ್ಲ. ಹೊಸ ಔಷಧಿ ಹಳೆಯದಕ್ಕಿಂತ ಮೇಲೆನಿಸಲಿಲ್ಲ. ಆದರೆ ಕೀಮೋ ನಡೆಯುವಾಗ ಒಮ್ಮೆ, ಮುಗಿದು ಆರು ತಿಂಗಳಿಗೆ ಮತ್ತೊಮ್ಮೆ, ಏನೇನು ಎಷ್ಟೆಷ್ಟು ತಿನ್ನುತ್ತೀರಿ ಎಂದು ರೋಗಿಗಳನ್ನೇ ಕೇಳಿ ಬರೆಸಿಕೊಂಡಿದ್ದರು. ಆ ಪ್ರಯೋಗದ ದೊಡ್ಡ ಫಲ ಅಲ್ಲೇ ಸಿಕ್ಕಿತು.

2007ರಲ್ಲಿ 1,009 ಜನರ ಲೆಕ್ಕ ಹೊರಬಂತು. ಕೆಂಪು ಮಾಂಸ, ಸಂಸ್ಕರಿಸಿದ ಮಾಂಸ, ಮೈದಾ, ಸಿಹಿತಿಂಡಿ, ಕರಿದ ಆಲೂಗಡ್ಡೆಯ ಊಟವನ್ನು ಅತಿ ಹೆಚ್ಚು ಮಾಡುತ್ತಿದ್ದ ಐದನೇ ಒಂದು ಭಾಗದವರಲ್ಲಿ ಕ್ಯಾನ್ಸರ್ ಮರುಕಳಿಸುವ ಅಥವಾ ಸಾವಿನ ಅಪಾಯ, ಅತಿ ಕಡಿಮೆ ಮಾಡುತ್ತಿದ್ದವರದಕ್ಕಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ತರಕಾರಿ, ಹಣ್ಣು, ಮೀನು, ಕೋಳಿಯ ಊಟದಿಂದ ಮಾತ್ರ ಸ್ಪಷ್ಟ ಲಾಭ ಕಾಣಲಿಲ್ಲ. ಕೆಟ್ಟದ್ದನ್ನು ಹಾಗೇ ಇಟ್ಟುಕೊಂಡು ಪಕ್ಕಕ್ಕೊಂದು ಬಟ್ಟಲು ಕೋಸಂಬರಿ ಸೇರಿಸಿದರೆ ಸಾಲದು ಎಂದು ಇದನ್ನು ಓದಬಹುದು. ಆದರೆ ಇದು ಗಮನಿಸಿ ಕಂಡ ಸಂಬಂಧ. ಊಟವನ್ನೇ ಚೀಟಿ ಎತ್ತಿ ಹಂಚಿ ಪರೀಕ್ಷಿಸಿದ್ದಲ್ಲ.

ಮಾಂಸ ಮುಟ್ಟದವರು ನಿಶ್ಚಿಂತರಾಗುವಂತಿಲ್ಲ. ಇದೇ ರೋಗಿಗಳ ಮೇಲೆ 2012ರಲ್ಲಿ ಬಂದ ವರದಿಯ ಪ್ರಕಾರ, ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುವ ಊಟ ಮಾಡಿದವರಿಗೂ ಮರುಕಳಿಸುವಿಕೆ ಹೆಚ್ಚು. ತೂಕ ಹೆಚ್ಚಿದ್ದವರಲ್ಲಿ ಈ ನಂಟು ಇನ್ನೂ ಗಟ್ಟಿ. ಮೂರು ಹೊತ್ತೂ ಬಿಳಿ ಅನ್ನ, ಮೇಲೆ ಸಕ್ಕರೆ ಹಾಕಿದ ಕಾಫಿ, ಬಿಸ್ಕತ್ತು: ನಮ್ಮ ಮನೆಗಳಲ್ಲಿ ಅಪಾಯ ಬರುವ ದಾರಿ ಇದು.

ಇನ್ನು ತೂಕ. ಬೊಜ್ಜಿದ್ದರೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು ಎಂಬುದು ನಿಜ. ಬಂದ ಮೇಲಿನ ಕಥೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 3,408 ರೋಗಿಗಳನ್ನು ಗಮನಿಸಿದ 2016ರ ಅಧ್ಯಯನದಲ್ಲಿ ಅತಿ ಕಡಿಮೆ ಸಾವು ಕಂಡದ್ದು ಬಿಎಂಐ 28ರಿಂದ 30ರ ನಡುವೆ, ಅಂದರೆ ಸ್ವಲ್ಪ ಮೈ ಇದ್ದವರಲ್ಲಿ. ತೀರಾ ಸಣಕಲು ದೇಹದವರ ಗತಿ ಎಲ್ಲರಿಗಿಂತ ಕಷ್ಟದ್ದಾಗಿತ್ತು. ಕೊಬ್ಬು ಕಾಪಾಡಿತು ಎಂದು ಇದರಿಂದ ತಿಳಿಯಬಾರದು. ಬಿಎಂಐ ಎಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ. ಸ್ನಾಯು ಯಾವುದು, ಕೊಬ್ಬು ಯಾವುದು ಅದಕ್ಕೆ ಗೊತ್ತಾಗದು. ಅವೆರಡನ್ನೂ ಸಿಟಿ ಸ್ಕ್ಯಾನ್ ತೋರಿಸುತ್ತದೆ. ಸೊಂಟದ ಮೂರನೇ ಕಶೇರುವಿನ (ಬೆನ್ನುಮೂಳೆಯ ಮಣಿ) ಮಟ್ಟದ ಒಂದೇ ಚಿತ್ರದಲ್ಲಿ ಸ್ನಾಯುವಿನ ವಿಸ್ತೀರ್ಣ ಅಳೆದಾಗ 42% ರೋಗಿಗಳಲ್ಲಿ ಸ್ನಾಯು ಕುಂದಿತ್ತು, ಅವರಲ್ಲಿ ಸಾವಿನ ಅಪಾಯ 27% ಹೆಚ್ಚಿತ್ತು. ದಪ್ಪಗೆ ಕಂಡರೂ ಒಳಗೆ ಸ್ನಾಯು ಕರಗಿದವರು ಇವರಲ್ಲಿದ್ದರು.

ಆದ್ದರಿಂದ ಕೀಮೋ ನಡೆಯುವಾಗ ತೂಕ ಇಳಿಸುವ ಪಥ್ಯ ಬೇಡ. ಆಪರೇಷನ್ ಆದ ಮೊದಲ ಕೆಲವು ವಾರ ಹೊಲಿಗೆ ಹಾಕಿದ ಕರುಳಿಗೆ ಮೆತ್ತನೆಯ, ನಾರು ಕಡಿಮೆಯ ಊಟ ಬೇಕು: ಗಂಜಿ, ಮೊಸರನ್ನ, ಸಿಪ್ಪೆ ಬೀಜ ತೆಗೆದು ಬೇಯಿಸಿದ ತರಕಾರಿ. ಎಡವುವುದು ಆಮೇಲೆ. ಹೆದರಿಕೆಯಿಂದ ಅದೇ ಗಂಜಿ ಆರು ತಿಂಗಳು ಎಳೆಯುತ್ತದೆ, ಪ್ರೋಟೀನ್ ಸಿಗದೆ ಸ್ನಾಯು ಸೋರುತ್ತದೆ. ಬೇಕಾದದ್ದು ದಿನಕ್ಕೆ ದೇಹತೂಕದ ಕಿಲೋಗೆ 1ರಿಂದ 1.5 ಗ್ರಾಂ, 60 ಕಿಲೋ ಇದ್ದವರಿಗೆ ಕನಿಷ್ಠ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6, ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ ಸುಮಾರು 6, 30 ಗ್ರಾಂ ಒಣ ಬೇಳೆಯಲ್ಲಿ ಸುಮಾರು 7 ಗ್ರಾಂ. ನೀರು ಸಾರು ಎಷ್ಟು ಬಡಿಸಿದರೂ ಈ ಲೆಕ್ಕ ತುಂಬದು, ಬೇಳೆ ಗಟ್ಟಿಯಾಗಿರಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಪ್ರಮಾಣ ಗೊತ್ತುಮಾಡಿಕೊಳ್ಳಲಿ. ಕಾಳು, ಸೊಪ್ಪು, ರಾಗಿ ಒಂದೊಂದಾಗಿ ಮರಳಲಿ. ಎರಡು ಮೂರು ದಿನಕ್ಕೊಂದು ಹೊಸದನ್ನು ಸೇರಿಸಿದರೆ ಯಾವುದು ಒಗ್ಗಲಿಲ್ಲ ಎಂದು ಗೊತ್ತಾಗುತ್ತದೆ.

ಊಟದ ಬಗ್ಗೆ ಇರುವುದಕ್ಕಿಂತ ಗಟ್ಟಿ ಪುರಾವೆ ಇರುವುದು ವ್ಯಾಯಾಮಕ್ಕೆ. 2025ರಲ್ಲಿ ಪ್ರಕಟವಾದ 'ಚಾಲೆಂಜ್' ಪ್ರಯೋಗದಲ್ಲಿ ಕೀಮೋ ಮುಗಿಸಿದ 889 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ವರ್ಷ ತರಬೇತುದಾರರ ಮಾರ್ಗದರ್ಶನ, ಇನ್ನೊಂದಕ್ಕೆ ಆರೋಗ್ಯದ ತಿಳುವಳಿಕೆಯ ಪುಸ್ತಿಕೆಗಳು. ಐದು ವರ್ಷದ ಹೊತ್ತಿಗೆ ರೋಗವಿಲ್ಲದೆ ಬದುಕಿದ್ದವರು ಮೊದಲ ಗುಂಪಿನಲ್ಲಿ 80.3%, ಎರಡನೆಯದರಲ್ಲಿ 73.9%. ಎಂಟು ವರ್ಷಕ್ಕೆ ಬದುಕಿದ್ದವರು 90.3% ಮತ್ತು 83.2%. ಮೊದಲ ಗುಂಪು ಸೇರಿಸಿಕೊಳ್ಳಬೇಕಿದ್ದದ್ದು ವಾರಕ್ಕೆ ಮೂರು ನಾಲ್ಕು ದಿನ, 45 ನಿಮಿಷದಿಂದ ಒಂದು ಗಂಟೆಯ ಬಿರುಸು ನಡಿಗೆಗೆ ಸಮನಾದ ಚಟುವಟಿಕೆ. ಒಂದು ಔಷಧಿ ಇಷ್ಟು ಮಾಡಿದ್ದರೆ ಎಲ್ಲ ಆಸ್ಪತ್ರೆಗಳೂ ಅದನ್ನು ಬರೆದುಕೊಡುತ್ತಿದ್ದವು. ನಡಿಗೆಯನ್ನೂ ಹಾಗೇ ಬರೆದುಕೊಡಬೇಕು: ಎಷ್ಟು ನಿಮಿಷ, ವಾರಕ್ಕೆ ಎಷ್ಟು ಸಲ, ವಿಚಾರಿಸುವವರು ಯಾರು.

ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗ ಸಾಕು. ಹತ್ತು ನಿಮಿಷದಿಂದ ಶುರುಮಾಡಿ ವಾರವಾರ ಏರಿಸಿ. ಹೊಟ್ಟೆಯ ಗಾಯ ಗಟ್ಟಿಯಾಗುವವರೆಗೆ, ಸಾಮಾನ್ಯವಾಗಿ ಆರರಿಂದ ಎಂಟು ವಾರ, ತುಂಬಿದ ಬಿಂದಿಗೆ, ಅಕ್ಕಿ ಮೂಟೆ ಎತ್ತಬಾರದು. ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗಬಹುದು. ಕೀಮೋದಿಂದ ಪಾದ ಜೋಮು ಹಿಡಿದಿದ್ದರೆ ಸಮತಟ್ಟು ದಾರಿಯಲ್ಲಿ, ಹಿಂದೆ ಪಟ್ಟಿ ಇರುವ ಗಟ್ಟಿ ಚಪ್ಪಲಿ ಅಥವಾ ಶೂ ಹಾಕಿ ನಡೆಯಿರಿ. ತಿಂಗಳಿಗೆರಡು ಸಲ ತೂಕ ಬರೆದಿಡಿ. ನೀವು ಇಳಿಸಲು ಹೊರಡದೆಯೇ ಆರು ತಿಂಗಳಲ್ಲಿ 5% ಇಳಿದಿದ್ದರೆ, 60 ಕಿಲೋದವರಿಗೆ ಅದು 3 ಕಿಲೋ, ನಡಿಗೆಯ ಫಲವೆಂದು ಸಂತೋಷಪಟ್ಟು ಕೂರದೆ ಮುಂದಿನ ತಪಾಸಣೆಗೆ ಕಾಯದೆ ಡಾಕ್ಟರಿಗೆ ತೋರಿಸಿ.