ಹೊನ್ನೆಕಾಯಿ ಮತ್ತು ಕೊಡಿಯಾಲದ ಕಪ್ಪೆ

ತುಳುವರ ಆಟಿ ತಿಂಗಳು ಕಳೆದು ಕಡಲಿನ ಅಬ್ಬರ ಇಳಿದ ಮೇಲೆ ಒಮ್ಮೆ ಮಂಗಳೂರಿನ ತಣ್ಣೀರುಬಾವಿ ಕಡೆ ನಡೆದು ಬನ್ನಿ. ಮಳೆಗಾಲ ಪೂರ್ತಿ ಕಡಲು ಎಸೆದದ್ದೆಲ್ಲ ಮರಳಿನ ಮೇಲೆ ಗೆರೆ ಎಳೆದ ಹಾಗೆ ಬಿದ್ದಿರುತ್ತದೆ. ಹರಿದ ಬಲೆ, ಒಂಟಿ ಚಪ್ಪಲಿ, ಬಾಟಲಿ, ಚಿಪ್ಪು ಅಂಟಿದ ಮರದ ತುಂಡು. ಅದರ ನಡುವೆ ಗೋಲಿಗಿಂತ ದೊಡ್ಡದಾದ ದುಂಡಗಿನ ಕಂದು ಕಾಯಿಯೂ ಸಿಗುತ್ತದೆ. ಅಲ್ಲಾಡಿಸಿದರೆ ಕೆಲವು ಒಳಗೆ ಗಡಗಡ ಅನ್ನುತ್ತವೆ. ಅದು ಸುರಹೊನ್ನೆಯ ಕಾಯಿ. ಕರೆಂಟು ಬರುವ ಮೊದಲು ಕರಾವಳಿಯ ಎಷ್ಟೋ ಮನೆಗಳಲ್ಲಿ ಇದರ ಎಣ್ಣೆಯ ದೀಪ ಉರಿಯುತ್ತಿತ್ತು.

ನಾನು ಪ್ರತಿ ವರ್ಷ ಒಂದೆರಡು ಕಾಯಿ ಕಿಸೆಗೆ ಹಾಕಿಕೊಂಡು ಬರುತ್ತೇನೆ. ಪಕ್ಕದ ಮರದಿಂದ ಉದುರಿದ್ದಿರಬಹುದು. ದೂರದ ಯಾವುದೋ ದ್ವೀಪದಿಂದ ತೇಲಿ ಬಂದದ್ದೂ ಇರಬಹುದು. ಗಟ್ಟಿ ಚಿಪ್ಪು, ಒಳಗೆ ಬೆಂಡಿನಂಥ ಪದರ. ಹಾಗಾಗಿ ಸುಲಭಕ್ಕೆ ಮುಳುಗುವುದಿಲ್ಲ. ಆಫ್ರಿಕಾದ ಪೂರ್ವ ಕರಾವಳಿಯಿಂದ ಪೆಸಿಫಿಕ್ ದ್ವೀಪಗಳವರೆಗೆ ಈ ಮರ ಇದೆ. ತಾಹಿತಿಯಲ್ಲಿ ಇದು ತಮಾನು, ಹವಾಯಿಯಲ್ಲಿ ಕಾಮಾನಿ. ಹವಾಯಿಗೆ ಮಾತ್ರ ಅದು ತಾನಾಗಿ ತೇಲಿ ಹೋಗಲಿಲ್ಲ, ಹಳೆಯ ಕಾಲದ ಪಾಲಿನೇಷಿಯನ್ ನಾವಿಕರು ದೋಣಿಯಲ್ಲಿ ಒಯ್ದರು.

ಹೆಸರಿನ ತೊಡಕು ಇಲ್ಲಿಂದಲೇ ಶುರು. ಘಟ್ಟದ ಮೇಲಿನವರಿಗೆ ಹೊನ್ನೆ ಎಂದರೆ ಬೇರೆಯೇ ಮರ. ತೊಗಟೆ ಕೊಯ್ದರೆ ರಕ್ತದಂಥ ಅಂಟು ಸುರಿಸುವ, ಲೋಟ ಮಾಡಿ ನೀರು ಕುಡಿಯುವ ಆ ಬೇಂಗದ ಮರಕ್ಕೂ ಕಡಲಂಚಿನ ಸುರಹೊನ್ನೆಗೂ ನೆಂಟಸ್ತಿಕೆ ಇಲ್ಲ. ಒಂದು ಅವರೆಯ ಬಳಗದ್ದು, ಇನ್ನೊಂದು ಪುನರ್ಪುಳಿಗೆ ಹತ್ತಿರದ್ದು. ಒಂದೇ ಮರಕ್ಕೆ ಹತ್ತು ಹೆಸರು, ಒಂದೇ ಹೆಸರಿಗೆ ಎರಡು ಮರ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಎರಡು ಪದಗಳ ಹೆಸರಿನಿಂದ ಗಿಡಗಳನ್ನು ಗುರುತಿಸಿದ್ದು ಈ ಗೊಂದಲಕ್ಕೆ ದೊಡ್ಡ ಪರಿಹಾರವಾಯಿತು. ಸುರಹೊನ್ನೆ ಆಗಲೇ ಕ್ಯಾಲೊಫಿಲಮ್ ಇನೊಫಿಲಮ್ ಆಯಿತು. ಕ್ಯಾಲೊಫಿಲಮ್ ಎಂದರೆ ಚೆಂದದ ಎಲೆ. ಒಂದು ಸುರಹೊನ್ನೆ ಎಲೆಯನ್ನು ಬಿಸಿಲಿಗೆ ಹಿಡಿದು ಒತ್ತೊತ್ತಾದ ನರಗಳನ್ನು ನೋಡಿ, ಹೆಸರು ಸರಿ ಅನ್ನಿಸುತ್ತದೆ.

ಜೀವಿಗಳು ಕಡಲು ದಾಟುವುದು ನಿಜವಾ ಎಂದು ಪ್ರಯೋಗ ಮಾಡಿ ನೋಡಿದವರು ಡಾರ್ವಿನ್. ಅವರು 87 ಬಗೆಯ ಬೀಜಗಳನ್ನು ಉಪ್ಪು ನೀರಿನಲ್ಲಿ ನೆನೆಹಾಕಿದರು. 28 ದಿನ ಕಳೆದ ಮೇಲೂ 64 ಬಗೆಯವು ಮೊಳೆತವು. ಕೆಲವು 137 ದಿನ ತಾಳಿಕೊಂಡವು. ಮನೆಯಲ್ಲೇ ಮಾಡಬಹುದಾದಂಥ ಕೆಲಸ, ಆದರೆ ಅದರಿಂದ ತಿಳಿದದ್ದು ದೊಡ್ಡದು. ಕಡಲು ಎಲ್ಲರಿಗೂ ಗೋಡೆಯಲ್ಲ. ಕೆಲವರಿಗೆ ಅದೇ ದಾರಿ.

ಕಪ್ಪೆಗೆ ಮಾತ್ರ ಅದು ಗೋಡೆಯೇ. ನಡುಗಡಲಿನ ದ್ವೀಪಗಳಲ್ಲಿ ಕಪ್ಪೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಎನ್ನುವುದನ್ನೂ ಡಾರ್ವಿನ್ ಗಮನಿಸಿದ್ದರು. ತೆಳು ಚರ್ಮದ ಪ್ರಾಣಿ ಅದು. ಉಪ್ಪು ನೀರು ಅದನ್ನೂ ಅದರ ಮೊಟ್ಟೆಯನ್ನೂ ಕೊಲ್ಲುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೀಗೆ ಕೆಲವರನ್ನು ಬಿಟ್ಟುಕೊಂಡು, ಕೆಲವರನ್ನು ತಡೆದು ಕಡಲು ಪ್ರತಿ ದ್ವೀಪಕ್ಕೂ ಅದರದೇ ಬಳಗ ಕಟ್ಟುತ್ತದೆ. ಇಂಡೋನೇಷ್ಯಾದ ಬಾಲಿ ಮತ್ತು ಲೊಂಬೊಕ್ ದ್ವೀಪಗಳ ನಡುವೆ ಇರುವುದು ಸುಮಾರು 35 ಕಿಲೋಮೀಟರ್ ನೀರು. ಮಂಗಳೂರಿನಿಂದ ಪಡುಬಿದ್ರಿಗೆ ಹೋದಷ್ಟು. 1856ರಲ್ಲಿ ಅದನ್ನು ದಾಟಿದ ಬ್ರಿಟಿಷ್ ನಿಸರ್ಗ ವಿಜ್ಞಾನಿ ವ್ಯಾಲೇಸ್ ಬೆರಗಾದರು. ಬಾಲಿಯಲ್ಲಿ ನಮ್ಮ ತೋಟಗಳಲ್ಲಿ ಇರುವಂಥದ್ದೇ ಕುಟ್ರುಹಕ್ಕಿ, ಮರಕುಟಿಗ. ಲೊಂಬೊಕ್‌ನಲ್ಲಿ ಅವು ಕಾಣಿಸಲಿಲ್ಲ, ಆಸ್ಟ್ರೇಲಿಯಾ ಕಡೆಯ ಕಾಕಟೂ ಗಿಳಿಗಳು ಕಂಡವು. ಹಿಮಯುಗದಲ್ಲಿ ಕಡಲು ನೂರು ಮೀಟರಿಗಿಂತ ಜಾಸ್ತಿ ಇಳಿದಾಗಲೂ ಆ ಜಲಸಂಧಿ ಒಣಗಲಿಲ್ಲ, ಅಷ್ಟು ಆಳ. ಈ ಗಡಿಗೆ ವ್ಯಾಲೇಸ್ ರೇಖೆ ಎಂದೇ ಹೆಸರು. ಆ ದ್ವೀಪಗಳಲ್ಲಿ ಎಂಟು ವರ್ಷ ತಿರುಗಿದ ಅವರು 1,25,000ಕ್ಕೂ ಹೆಚ್ಚು ಮಾದರಿಗಳನ್ನು ಸಂಗ್ರಹಿಸಿದರು. ಜೊತೆಗಿದ್ದವನು ಬೋರ್ನಿಯೋ ದ್ವೀಪದ ಸರವಾಕ್‌ನ ಹುಡುಗ ಅಲಿ. ವ್ಯಾಲೇಸರ ಹೆಸರು ಹೊತ್ತ ಸ್ವರ್ಗದ ಹಕ್ಕಿಯನ್ನು ಬಚಾನ್ ದ್ವೀಪದಲ್ಲಿ ಮೊದಲು ಹಿಡಿದು ತಂದವನು ಆ ಅಲಿಯೇ. ಹಕ್ಕಿಯ ಹೆಸರಿನಲ್ಲಿ ಅಲಿ ಇಲ್ಲ ಎನ್ನುವುದು ನನಗೆ ಇವತ್ತಿಗೂ ನೋವಿನ ವಿಷಯ.

ನಮ್ಮ ದೇಶದಲ್ಲೂ ಇಂಥ ದ್ವೀಪಗಳಿವೆ. ಅಂಡಮಾನಿನ ಪೂರ್ವಕ್ಕೆ ನಾರ್ಕೊಂಡಮ್ ಎಂಬ ಜ್ವಾಲಾಮುಖಿ ದ್ವೀಪ ಇದೆ. ಸುಮಾರು ಏಳು ಚದರ ಕಿಲೋಮೀಟರ್. ಅಲ್ಲಿನ ಮಂಗಟ್ಟೆ ಹಕ್ಕಿ ಲೋಕದಲ್ಲಿ ಬೇರೆಲ್ಲೂ ಇಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವನ್ನು ಕೆಲವರು ಕೇಳುತ್ತಾರೆ. ಅದರ ಕಂಬದಂಥ ಬಂಡೆಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಆದರೆ ದಡ ಕೂಗಳತೆಯಲ್ಲಿದ್ದಂತೆಯೇ. ಬೇರೆ ಪ್ರಭೇದ ರೂಪುಗೊಳ್ಳಲು ಬೇಕಾದ ಏಕಾಂತ ಅಲ್ಲಿಲ್ಲ.

ಹೆಸರು ಹೇಗೆ ದಾರಿ ತಪ್ಪಿಸಬಲ್ಲದು ಎನ್ನುವುದಕ್ಕೆ ಕಡಲ ತೆಂಗಿನ ಕಥೆ ಕೇಳಬೇಕು. ಎರಡು ತೆಂಗಿನಕಾಯಿ ಅಂಟಿಸಿದಂತೆ ಕಾಣುವ ಈ ಕಾಯಿಯ ಬೀಜ 25 ಕಿಲೋ ತೂಗಬಲ್ಲದು. ಲೋಕದ ಅತಿ ದೊಡ್ಡ ಬೀಜ ಇದು. ಶತಮಾನಗಳ ಕಾಲ ಮಾಲ್ಡೀವ್ಸ್‌ನ ದಡಕ್ಕೆ ತೇಲಿ ಬರುತ್ತಿತ್ತು. ಮರ ಮಾತ್ರ ಯಾರಿಗೂ ಕಂಡಿರಲಿಲ್ಲ. ಕಡಲ ತಳದಲ್ಲೇ ಬೆಳೆಯುತ್ತದೆ ಎಂದು ಜನ ನಂಬಿದ್ದರು. ಫಕೀರರು, ಸನ್ಯಾಸಿಗಳು ಅದರ ಚಿಪ್ಪನ್ನು ಭಿಕ್ಷಾಪಾತ್ರೆ ಮಾಡಿಕೊಂಡರು. 1768ರಲ್ಲಿ ಸೇಶೆಲ್ಸ್‌ನ ಪ್ರಾಲಿನ್ ದ್ವೀಪದಲ್ಲಿ ಮರ ಸಿಕ್ಕಿತು. ಸಹಜವಾಗಿ ಅದು ಬೆಳೆಯುವುದು ಪ್ರಾಲಿನ್ ಮತ್ತು ಪಕ್ಕದ ಕ್ಯೂರಿಯೂಸ್, ಈ ಎರಡೇ ದ್ವೀಪಗಳಲ್ಲಿ. ಹಸಿ ಕಾಯಿ ಕಡಲಿಗೆ ಬಿದ್ದರೆ ಮುಳುಗುತ್ತದೆ. ಒಳಗಿನದು ಕೊಳೆತು ಟೊಳ್ಳಾದ ಮೇಲೆ ತೇಲುತ್ತದೆ, ಆಗ ಅದರಲ್ಲಿ ಜೀವ ಇರುವುದಿಲ್ಲ. ಎಷ್ಟು ದಡಗಳಿಗೆ ಬಂದು ತಾಗಿದರೂ ಎಲ್ಲೂ ಬೇರು ಬಿಡಲಿಲ್ಲ. ಇಷ್ಟೆಲ್ಲ ತಿಳಿದ ಮೇಲೂ ಅದರ ವೈಜ್ಞಾನಿಕ ಹೆಸರು ಲೊಡೊಯಿಸಿಯಾ ಮಾಲ್ಡಿವಿಕಾ, ಅಂದರೆ ಮಾಲ್ಡೀವ್ಸ್‌ನದ್ದು. ಅರ್ಥ ತಪ್ಪು ಎಂಬ ಕಾರಣಕ್ಕೆ ಹೆಸರು ಬದಲಿಸುವ ಹಾಗಿಲ್ಲ. ಮೊದಲು ಸರಿಯಾಗಿ ಪ್ರಕಟವಾದ ಹೆಸರಿಗೇ ಮನ್ನಣೆ.

ಈಗ ನಮ್ಮ ಊರಿನ ಕಪ್ಪೆ.

2018ರಲ್ಲಿ ಸಂಶೋಧಕರು ಮಂಗಳೂರಿನಿಂದ ಒಂದು ಹೊಸ ಕಪ್ಪೆಯನ್ನು ವಿವರಿಸಿದರು. ಹೆಸರು ಮೈಕ್ರೋಹೈಲಾ ಕೊಡಿಯಾಲ್. ಕೊಡಿಯಾಲ್ ಎಂದರೆ ಕೊಂಕಣಿಯಲ್ಲಿ ಮಂಗಳೂರು. ಹೆಬ್ಬೆರಳ ಉಗುರಿನ ಮೇಲೆ ಕೂರಿಸಬಹುದಾದಷ್ಟು ಪುಟ್ಟದು. ಅದು ಸಿಕ್ಕಿದ್ದು ಕಾಡಿನಲ್ಲಲ್ಲ. ಕಾರ್ಖಾನೆಗಳ ನಡುವೆ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ. ಮೈಯ ಅಳತೆ ತೆಗೆದರು, ಕೂಗು ರೆಕಾರ್ಡ್ ಮಾಡಿದರು, ಡಿಎನ್‌ಎ ಹೋಲಿಸಿದರು. ಅಲ್ಲೇ ಅಚ್ಚರಿ ಕಾದಿತ್ತು. ಇದರ ಹತ್ತಿರದ ನೆಂಟರು ಪಶ್ಚಿಮ ಘಟ್ಟದ ಕಪ್ಪೆಗಳಲ್ಲ, ಆಗ್ನೇಯ ಏಷ್ಯಾದವು!

ಉಪ್ಪು ನೀರು ತಾಳದ ಪ್ರಾಣಿ ಬಂಗಾಳ ಕೊಲ್ಲಿಯ ಆಚೆಯ ಬಳಗ ಬಿಟ್ಟು ಇಲ್ಲಿಗೆ ಬಂದದ್ದು ಹೇಗೆ? ಮಂಗಳೂರು ಬಂದರಿಗೆ ಮಲೇಷ್ಯಾ, ಮ್ಯಾನ್ಮಾರ್ ಕಡೆಯಿಂದ ಮರದ ದಿಮ್ಮಿ ಬರುತ್ತಿತ್ತು. ದಿಮ್ಮಿಯ ಬಿರುಕು, ಒದ್ದೆ ತೊಗಟೆ, ಹಡಗಿನ ಒಳಗಿನ ನೆರಳು, ಪುಟ್ಟ ಕಪ್ಪೆಗೆ ಅಷ್ಟು ಸಾಕು. ಹಾಗೆ ಬಂದಿರಬಹುದು ಎಂಬ ಊಹೆಯನ್ನು ಸಂಶೋಧಕರೇ ಮುಂದಿಟ್ಟರು.

ಇದು ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ಈ ಕಪ್ಪೆ ಇಲ್ಲಿನದೇ ಆದರೆ, ಒಂದು ಕೈಗಾರಿಕಾ ಪ್ರದೇಶದ ನೀರು ನಿಲ್ಲುವ ಗುಂಡಿಗಳನ್ನು ನಂಬಿ ಬದುಕಿರುವ ಅಪರೂಪದ ಜೀವಿ ಅದು. ಒಂದು ಹೊಸ ಶೆಡ್ಡಿಗೆ ಮಣ್ಣು ತುಂಬಿಸಿದರೆ ಸಾಕು, ಅದರ ನೆಲೆ ಹೋಗುತ್ತದೆ. ಹೊರಗಿನಿಂದ ಬಂದದ್ದಾದರೆ ನಮ್ಮ ಕಪ್ಪೆಗಳ ಮೇಲೆ ಅದು ಏನು ಮಾಡುತ್ತದೆ ಎಂದು ನೋಡಬೇಕು. ಪೆಸಿಫಿಕ್‌ನ ಗುವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ಸುಮಾರಿಗೆ ಸರಕಿನ ಜೊತೆ ಒಂದು ಬಗೆಯ ಮರಹಾವು ಬಂತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಡಿನ ಹಕ್ಕಿಗಳಲ್ಲಿ ಹೆಚ್ಚಿನವು ಕಣ್ಮರೆಯಾದವು. ಹಾಗಂತ ಈ ಪುಟ್ಟ ಕಪ್ಪೆಯನ್ನು ಆ ಹಾವಿನ ಸಾಲಿಗೆ ಸೇರಿಸುವುದು ನ್ಯಾಯ ಅಲ್ಲ. ಆದರೆ ಕಾಪಾಡಬೇಕಾ, ಕಣ್ಣಿಡಬೇಕಾ ಎಂದು ತಿಳಿಯಲು ಮೊದಲು ಅದು ಯಾರು ಎಂದು ಗೊತ್ತಾಗಬೇಕು ಅಲ್ವಾ?

ಹೆಸರು ಇಟ್ಟ ಮಾತ್ರಕ್ಕೆ ಅದು ಗೊತ್ತಾಗುವುದಿಲ್ಲ. ಪ್ರಭೇದದ ಹೆಸರು ಒಂದು ವಾದ ಇದ್ದ ಹಾಗೆ, ಹೊಸ ಸಾಕ್ಷ್ಯ ಬಂದರೆ ಬೀಳಬಹುದು. ಬೇರೆ ದೇಶದಲ್ಲಿ ಮೊದಲೇ ಹೆಸರು ಪಡೆದ ಕಪ್ಪೆಯೇ ಇದು ಎಂದು ಸಾಬೀತಾದರೆ ಆ ಹಳೆಯ ಹೆಸರೇ ನಿಲ್ಲುತ್ತದೆ. ಕಡಲ ತೆಂಗಿನ ತಪ್ಪು ಹೆಸರನ್ನು ಉಳಿಸಿದ ಅದೇ ನಿಯಮ ಆಗ ಕೊಡಿಯಾಲ್ ಎಂಬ ಹೆಸರನ್ನು ಅಳಿಸುತ್ತದೆ. ಅದನ್ನು ಇತ್ಯರ್ಥ ಮಾಡಲು ದಿಮ್ಮಿ ಹತ್ತಿಸಿದ ಬಂದರುಗಳ ಸುತ್ತಲಿನ ಕಪ್ಪೆಗಳನ್ನೂ ಇಲ್ಲಿನ ಕಪ್ಪೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು. ಕೂಗಿಗೆ ಕೂಗು, ಕಾಲಿಗೆ ಕಾಲು, ಡಿಎನ್‌ಎಗೆ ಡಿಎನ್‌ಎ. ಮ್ಯೂಸಿಯಮ್ಮಿನ ಬಾಟಲಿಯಲ್ಲಿ ಇಟ್ಟ ಮೂಲ ಮಾದರಿಗೆ ಬೆಲೆ ಬರುವುದು ಇಂಥ ಹೊತ್ತಿನಲ್ಲೇ. ನೂರು ವರ್ಷ ಕಳೆದು ಬಂದವರೂ ಅದನ್ನು ತೆರೆದು, ನಾವು ಯಾವ ಕಪ್ಪೆಗೆ ಈ ಹೆಸರು ಕೊಟ್ಟಿದ್ದೆವು ಎಂದು ನೋಡಬಹುದು.

ಮುಂಗಾರು ಹಿಡಿದು ಗುಂಡಿಗಳಲ್ಲಿ ನೀರು ನಿಂತ ರಾತ್ರಿ ಗಂಡು ಕಪ್ಪೆಗಳು ಕೂಗತೊಡಗುತ್ತವೆ. ಲಾರಿಗಳ ಸದ್ದು ಸ್ವಲ್ಪ ತಗ್ಗಿದಾಗ, ಟಾರ್ಚ್ ಆರಿಸಿ ಕಿವಿಗೊಟ್ಟು ನಿಂತರೆ ಪುಟ್ಟ ಗಂಟಲುಗಳ ಆ ಕೂಗು ಕೇಳುತ್ತದೆ.