ಆ ಸುಕ್ಕು ಇರಲಿ, ಬಿಡಿ

ದೋಣಿಯ ಗ್ಯಾಫ್ ಹಾಯಿ (ಮೇಲಂಚಿಗೂ ಒಂದು ಗಳು ಕಟ್ಟಿದ ಹಾಯಿ) ಏರಿಸಿ ಮುಗಿಸಿದಾಗ ಮೇಲಿನ ಹಿಂದುಗಡೆಯ ತುದಿಯಿಂದ ಕೂವೆಯ, ಅಂದರೆ ಹಾಯಿಗಂಬದ, ಬುಡದ ಕಡೆಗೆ ಓರೆಯಾಗಿ ಒಂದೆರಡು ಸುಕ್ಕು ಬೀಳುತ್ತವೆ. ಕಂಡ ಕೂಡಲೇ ಹಗ್ಗ ಸಡಿಲಿಸುವವರೇ ಜಾಸ್ತಿ. ಹಾಯಿ ಎಂದರೆ ಇಸ್ತ್ರಿ ಪಂಚೆಯ ಹಾಗೆ ನುಣ್ಣಗಿರಬೇಕು ಅನ್ನುವ ಆಸೆ. ಆಮೇಲೆ ಮಾರ್ಕೋನಹಳ್ಳಿ ಜಲಾಶಯದಲ್ಲೋ ಇನ್ನಾವುದೋ ಕೆರೆಯಲ್ಲೋ ಅನುಮತಿ ಪಡೆದು ದೋಣಿ ಇಳಿಸಿದರೆ, 'ಗಾಳಿಯ ಕಡೆಗೆ ಹೋಗೋದೇ ಇಲ್ಲ ಸಾರ್, ಹಾಯಿ ಹೊಲಿದವನು ಕೆಡಿಸಿಬಿಟ್ಟಿದ್ದಾನೆ' ಎಂಬ ದೂರು. ಹೊಲಿದವನ ತಪ್ಪು ಎಷ್ಟೋ ಸಲ ಏನೂ ಇರುವುದಿಲ್ಲ.

ಈ ಹಾಯಿಗೆ ನಾಲ್ಕು ಮೂಲೆ. ಮೇಲಂಚನ್ನು ಹಿಡಿದಿರುವ ಅಡ್ಡಗಳುವೇ ಗ್ಯಾಫ್. ಗ್ಯಾಫ್ ಕೂವೆಯನ್ನು ಕಚ್ಚಿಕೊಂಡಿರುವ ಕಡೆ ಥ್ರೋಟ್, ಅದರ ಹೊರತುದಿ ಪೀಕ್. ಕೆಳಗೆ ಕೂವೆಯ ಬಳಿ ಟ್ಯಾಕ್, ಬೂಮಿನ (ಹಾಯಿಯ ಕೆಳಗಿನ ಅಡ್ಡಗಳುವಿನ) ತುದಿಯಲ್ಲಿ ಕ್ಲೂ. ಏರಿಸಲು ಎರಡು ಹಗ್ಗ: ಥ್ರೋಟಿಗೊಂದು, ಪೀಕಿಗೊಂದು. ಎರಡನ್ನೂ ಬಾವಿಯಿಂದ ಕೊಡ ಸೇದುವ ಹಾಗೆ ಒಂದೇ ಸಮ ಎಳೆದು ಕಟ್ಟಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದೇ ಎಡವಟ್ಟು. ಮೇಲೇರುವಾಗ ಮಾತ್ರ ಒಂದೇ ಸಮ. ಕಟ್ಟುವಾಗ ಮೊದಲು ಥ್ರೋಟ್, ಆಮೇಲೆ ಪೀಕ್.

ದೋಣಿಯ ಮೂತಿ ಗಾಳಿಗೆ ನೇರ ಇರಲಿ, ಬೂಮಿನ ಹಗ್ಗ ಪೂರ್ತಿ ಸಡಿಲ ಇರಲಿ. ಗ್ಯಾಫ್ ಹೆಚ್ಚುಕಡಿಮೆ ಅಡ್ಡಡ್ಡವಾಗಿ, ಪೀಕ್ ಒಂದು ಕೂದಲೆಳೆ ಮೇಲಿರುವಂತೆ ಏರಿಸಿ. ಪೀಕ್ ಜೋತುಬಿದ್ದರೆ ಗ್ಯಾಫಿನ ದವಡೆ (ಕೂವೆಯನ್ನು ಹಿಡಿದಿರುವ ಕವಲು) ಓರೆಯಾಗಿ ಕೂವೆಯನ್ನು ಕಚ್ಚಿ ನಿಲ್ಲುತ್ತದೆ. ತೀರಾ ಮೇಲಾದರೆ ಗ್ಯಾಫ್ ತನ್ನುದ್ದದ ನೇರಕ್ಕೆ ಕೂವೆಯನ್ನು ಒತ್ತುತ್ತದೆ, ದವಡೆ ಜಾರುವುದೇ ಇಲ್ಲ. ಪೀಕ್ ಮೊದಲು ಬಿಗಿದವರು ಆಮೇಲೆ ಥ್ರೋಟ್ ಹಗ್ಗಕ್ಕೆ ಜೋತುಬಿದ್ದರೂ ಅದು ಬೆರಳಗಲ ಏರದಿರುವುದಕ್ಕೆ ಇದೇ ಕಾರಣ. ಹಾಯಿಯ ಮುಂದಂಚು ತಂತಿಯಂತೆ ಬಿಗಿಯಾಗುವವರೆಗೆ ಥ್ರೋಟ್ ಎಳೆದು ಕಟ್ಟಿ. ಈಗ ಪೀಕ್ ಎಳೆಯಿರಿ. ಮೊದಲು ಥ್ರೋಟಿನಿಂದ ಕ್ಲೂ ಕಡೆಗೆ ಇದ್ದ ಸುಕ್ಕು ಮಾಯವಾಗುತ್ತದೆ. ನಿಲ್ಲಿಸಬೇಡಿ. ಇನ್ನೂ ಎಳೆದರೆ ಪೀಕಿನಿಂದ ಟ್ಯಾಕಿಗೆ ಹೊಸ ಸುಕ್ಕು ಹುಟ್ಟುತ್ತದೆ. ಅಲ್ಲಿಗೆ ಕಟ್ಟಿ.

ಸುಕ್ಕಿನಲ್ಲೇ ಏಕೆ ಬಿಡಬೇಕು? ಗಾಳಿ ತುಂಬಿದಾಗ ಹಗ್ಗ ಹಿಗ್ಗುತ್ತದೆ, ಗಂಟುಗಳು ಕೂರುತ್ತವೆ, ಗ್ಯಾಫಿನ ತುದಿ ಒಂದಿಷ್ಟು ತಗ್ಗುತ್ತದೆ. ಆ ತಗ್ಗುವಿಕೆಗೆ ಮುಂಗಡ ಕೊಟ್ಟದ್ದೇ ಈ ಸುಕ್ಕು. ಗಾಳಿಯಲ್ಲಿ ಅದು ತಾನೇ ಹೋಗುತ್ತದೆ. ದಡದಲ್ಲೇ ನುಣ್ಣಗೆ ಮಾಡಿಕೊಂಡು ಹೊರಟರೆ ನೀರಿನಲ್ಲಿ ಥ್ರೋಟ್–ಕ್ಲೂ ಸುಕ್ಕು ವಾಪಸ್ ಬರುತ್ತದೆ. ಗ್ಯಾಫ್ ಗಾಳಿ ಹೋಗುವ ಬದಿಗೆ ಬೀಳುತ್ತದೆ, ಹಾಯಿಯ ಮೇಲರ್ಧ ತಿರುಚಿಕೊಂಡು ಗಾಳಿಯನ್ನು ಸುಮ್ಮನೆ ಸೋರಿಬಿಡುತ್ತದೆ. ದೋಣಿ ಗಾಳಿಯ ಕಡೆಗೆ ಹೋಗದಿರುವುದು ಇದರಿಂದ. ಹತ್ತು ನಿಮಿಷ ಓಡಿಸಿದ ಮೇಲೂ ಪೀಕ್–ಟ್ಯಾಕ್ ಸುಕ್ಕು ಉಳಿದಿದ್ದರೆ ಆಗ ಪೀಕ್ ಹಗ್ಗವನ್ನು ಎರಡು ಮೂರು ಸೆಂಟಿಮೀಟರ್ ಬಿಡಿ. ತೆಳುಗಾಳಿಯಲ್ಲಿ ಸ್ವಲ್ಪ ಹೆಚ್ಚೇ ಬಿಡಬೇಕಾದೀತು. ಹಾಯಿಯ ಬಟ್ಟೆ, ಗ್ಯಾಫಿನ ಬಾಗು ನೋಡಿ ಹೇಳಬೇಕಾದ ಮಾತು ಅದು.

ಹಗ್ಗದಲ್ಲೂ ಇದೇ ಗೋಳು. ಲಾರಿ ಟಾರ್ಪಾಲು ಬಿಗಿಯುವ ನೈಲಾನ್ ಹಗ್ಗ ಗಟ್ಟಿ, ಒಪ್ಪೋಣ. ಆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಲಂಗರಿಗೆ ಅದು ಒಳ್ಳೆಯದು, ಹಾಯಿ ಏರಿಸಲು ಬೇಡ. 14 ಅಡಿ ದೋಣಿಗೆ 8 ಮಿ.ಮೀ. ಪಾಲಿಯೆಸ್ಟರ್ ಹಗ್ಗ ಸಾಕು. ಬಲಕ್ಕೆ 6 ಮಿ.ಮೀ. ಆದರೂ ನಡೆದೀತು, ಕೈ ಕೊಯ್ಯುತ್ತದೆ ಅಷ್ಟೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ನಮ್ಮ ಬಯಲುಸೀಮೆ ಬಿಸಿಲಿಗೆ ಹುಡಿಹುಡಿಯಾಗುತ್ತದೆ.

ಗ್ಯಾಫಿಗೂ ತೇಗವೇ ಬೇಕೆಂಬ ಹಟ ಬೇರೆ. ಒಂದು ಘನ ಅಡಿ ತೇಗ ಸುಮಾರು 18 ಕಿಲೋ, ಸ್ಪ್ರೂಸ್ ಎಂಬ ಹಗುರ ಮರ ಸುಮಾರು 12. ಆ ಹೆಚ್ಚುವರಿ ಭಾರವನ್ನು ತಲೆಯ ಮೇಲೆ ಹೊತ್ತು ದೋಣಿ ವಾಲುತ್ತದೆ. ತೇಗ ಬಾಗಿಲಿಗಿರಲಿ.

ಗ್ಯಾಫಿಗೆ ಹಾಯಿ ಕಟ್ಟುವಾಗ ಮೊದಲು ಥ್ರೋಟಿನ ಕಣ್ಣು (ಹಾಯಿಯಂಚಿನ ತೂತು), ಆಮೇಲೆ ಪೀಕಿನದು, ಕೈಬಿಗಿಯಷ್ಟೇ. ನಡುವಿನ ಕಣ್ಣುಗಳಿಗೆ 4 ಮಿ.ಮೀ. ದಾರವನ್ನು ಬಳ್ಳಿಯಂತೆ ಸುತ್ತಿಕೊಂಡು ಹೋಗಬೇಡಿ. ಪ್ರತಿ ಸುತ್ತಿನಲ್ಲೂ ದಾರ ತನ್ನಡಿಯಲ್ಲೇ ನುಸುಳಿ ಕಚ್ಚಿಕೊಳ್ಳಬೇಕು. ಒಂದು ಕಡೆ ಹರಿದರೆ ಉಳಿದದ್ದು ನಿಲ್ಲುತ್ತದೆ. ಕೂವೆಯ ಕಡೆ ಬೇರೆ ಲೆಕ್ಕ: ದಾರ ಕೂವೆಯನ್ನು ಪೂರ್ತಿ ಸುತ್ತದೆ, ಮುಂದಿನಿಂದ ಹೋಗಿ ಕಣ್ಣು ದಾಟಿ ಮತ್ತೆ ಮುಂದಿನಿಂದಲೇ ಹಿಂದಿರುಗಬೇಕು. ಸುತ್ತಿದರೆ ಇಳಿಸುವಾಗ ಉರುಳಿನಂತೆ ಬಿಗಿಯುತ್ತದೆ. ದವಡೆಯ ಬಾಯಿಗೆ ಅಡ್ಡ ಕಟ್ಟುವ ಮರದ ಮಣಿಸರವೂ ಬೆರಳಗಲ ಸಡಿಲ ಇರಲಿ. ಗ್ಯಾಫ್ ಓರೆಯಾದಾಗ ಅದಕ್ಕೆ ಜಾಗ ಬೇಕು. ಸರವೇ ಇಲ್ಲದಿದ್ದರೆ ದವಡೆ ಕೂವೆಯಿಂದ ಕಳಚಿಕೊಳ್ಳುತ್ತದೆ.

ಥ್ರೋಟ್ ಬಲಕ್ಕೆ, ಪೀಕ್ ಎಡಕ್ಕೆ ಕಟ್ಟುವುದು ಹಳೆಯ ರೂಢಿ. ಅವಸರದಲ್ಲಿ ಕೈಗೆ ಯಾವುದು ಸಿಕ್ಕಿತೆಂದು ನೋಡಬೇಕಾಗಿಲ್ಲ. ಆಷಾಢದ ಗಾಳಿ ಏರಿಯ ಮೇಲಿಂದ ಇದ್ದಕ್ಕಿದ್ದಂತೆ ಬಡಿದಾಗ ಈ ರೂಢಿ ಕೆಲಸಕ್ಕೆ ಬರುತ್ತದೆ. ಬೂಮಿನ ತುದಿಯನ್ನು ಎತ್ತಿಹಿಡಿಯುವ ಹಗ್ಗವನ್ನು ಮೊದಲು ಬಿಗಿದು, ಪೀಕ್ ಒಂದನ್ನೇ ಬಿಟ್ಟರೆ ಹಾಯಿಯ ಮೇಲರ್ಧ ಮಡಚಿಕೊಳ್ಳುತ್ತದೆ, ದೋಣಿಯ ಓಟ ತಗ್ಗುತ್ತದೆ. ಪೂರ್ತಿ ಇಳಿಸುವುದಾದರೆ ಮತ್ತೆ ಗಾಳಿಗೆ ಮೂತಿ ಕೊಟ್ಟು ಎರಡನ್ನೂ ಒಟ್ಟಿಗೆ ಬಿಡಿ, ಗ್ಯಾಫ್ ತಲೆಗೆ ಬಡಿಯದಂತೆ ಪೀಕಿನ ಹಗ್ಗದ ತುದಿಯನ್ನು ಕೈಯಲ್ಲೇ ಹಿಡಿದಿರಿ.