ಗಾಳಿ ಕೊಟ್ಟಷ್ಟನ್ನೇ ಕಸಿದುಕೊಳ್ಳುವುದಿಲ್ಲ

ಮಡಿಕೇರಿಯಿಂದ ಕಣ್ಣೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 60 ಕಿಲೋಮೀಟರ್ ಆಸುಪಾಸು. ವಿರಾಜಪೇಟೆ ಹಾದು ಮಾಕುಟ್ಟ ಘಾಟಿ ಇಳಿದರೆ ಅದೇ 90ರ ಹತ್ತಿರವಾಗುತ್ತದೆ. ಹಾಗಾಗಿ ಕೊಡಗಿನಲ್ಲಿ ಊರಿನ ದೂರ ಕೇಳಿದರೆ ಎಷ್ಟು ಗಂಟೆಯ ದಾರಿ ಎಂದೇ ಉತ್ತರ ಬರುತ್ತದೆ. ವಿಮಾನ ಹತ್ತಿದ ಮೇಲೆ ತಿರುವುಗಳಿಲ್ಲ, ದೂರವೇ ಹೊತ್ತನ್ನು ತೀರ್ಮಾನಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಕಾಶದ ಲೆಕ್ಕ ಅಷ್ಟು ಸರಳವಲ್ಲ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಗೆ ಪರಿಚಿತವಾದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿಯನ್ನೇ ನೋಡೋಣ. ಶಾಲೆಯ ಗೋಡೆಯ ನಕ್ಷೆಯಲ್ಲಿ ಪೂರ್ವಕ್ಕೆ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಅದೇ ದಾರಿಯಲ್ಲಿ ಹಾರಿದರೆ ಸುಮಾರು 16,000 ಕಿಲೋಮೀಟರ್. ಈಗ ಭೂಗೋಳವೊಂದನ್ನು ತೆಗೆದುಕೊಂಡು ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ, ಸೈಬೀರಿಯಾ ಹಾದು ಆರ್ಕ್ಟಿಕ್ ಅಂಚನ್ನು ಮುಟ್ಟುತ್ತದೆ. ಈ ದಾರಿ ಸುಮಾರು 14,000 ಕಿಲೋಮೀಟರ್ ಮಾತ್ರ. ದುಂಡಗಿನ ನೆಲವನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ಧ್ರುವಗಳ ಸುತ್ತಲಿನ ಜಾಗ ಹಿಗ್ಗುವುದರಿಂದ ನೇರದಾರಿಯೇ ಬಳಸುದಾರಿಯಂತೆ ಕಾಣುತ್ತದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಇದ್ದ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವ ಪ್ರದೇಶದ ಮೇಲೆ ಹಾರಿ ಬೆಂಗಳೂರಿಗೆ ಬಂದಿತು. ಅದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಇನ್ನು ಗಾಳಿಯ ಮಾತು. ಬಿಸಿ ಉಷ್ಣವಲಯಕ್ಕೂ ತಣ್ಣನೆಯ ಧ್ರುವಗಳಿಗೂ ಇರುವ ತಾಪಮಾನದ ಅಂತರ, ಜೊತೆಗೆ ಭೂಮಿಯ ತಿರುಗುವಿಕೆ ಸೇರಿ, ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ವೇಗದ ಗಾಳಿಯ ಹೊನಲು ಹರಿಯುತ್ತದೆ. ಇದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ 1920ರ ದಶಕದಲ್ಲೇ ಬಲೂನು ಹಾರಿಸಿ ಇದನ್ನು ಅಳೆದಿದ್ದರು. ವರದಿಯನ್ನು ಕೆಲವೇ ಜನ ಬಲ್ಲ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಬರೆದದ್ದರಿಂದ ಹೊರಗಿನವರ ಗಮನಕ್ಕೆ ಅದು ಅಷ್ಟಾಗಿ ಬೀಳಲಿಲ್ಲ. ಎಂಥ ನಷ್ಟ!

ಹೋಗುವಾಗ ಗಾಳಿ ಉಳಿಸಿದ ಹೊತ್ತನ್ನು ಬರುವಾಗ ಕಿತ್ತುಕೊಂಡು ಸರಿಮಾಡುತ್ತದೆಯೇ? ಇಲ್ಲ. 9,000 ಕಿಲೋಮೀಟರ್ ದಾರಿ, ವಿಮಾನದ ವೇಗ ಗಂಟೆಗೆ 900 ಎಂದಿಟ್ಟುಕೊಳ್ಳಿ. ಗಾಳಿಯಿಲ್ಲದಿದ್ದರೆ ಹೋಗಿಬರಲು 20 ಗಂಟೆ. ಗಂಟೆಗೆ 100 ಕಿಲೋಮೀಟರ್ ಗಾಳಿಯಿದ್ದರೆ, ಅದು ಬೆನ್ನಿಗೆ ಬೀಸುವಾಗ 9 ಗಂಟೆ, ಎದುರಾದಾಗ 11 ಗಂಟೆ 15 ನಿಮಿಷ. ಕೂಡಿದರೆ ಕಾಲು ಗಂಟೆ ಹೆಚ್ಚು! ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟವೇ ಮೇಲಾಗುತ್ತದೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಹೊರಟ ವಿಮಾನ ಹಲವು ಬಾರಿ ಧ್ರುವದತ್ತ ಹೋಗದೆ ಪೆಸಿಫಿಕ್ ಸಾಗರ ದಾಟುತ್ತಿದ್ದುದೂ ಈ ಗಾಳಿಗಾಗಿಯೇ. ದೂರ ಹೆಚ್ಚಾದರೂ ಬೆನ್ನಗಾಳಿ ಸಿಕ್ಕಿದರೆ ಹೊತ್ತೂ ಇಂಧನವೂ ಉಳಿಯುತ್ತವೆ. ಪ್ರತಿ ಹಾರಾಟಕ್ಕೂ ಮುನ್ನ ಗಾಳಿಯ ಮುನ್ಸೂಚನೆ ನೋಡಿಯೇ ದಾರಿ ಗೊತ್ತುಮಾಡುತ್ತಾರೆ. ಮೊಬೈಲಿನಲ್ಲಿ ಮಗಳ ವಿಮಾನವನ್ನು ಹಿಂಬಾಲಿಸುವ ತಂದೆತಾಯಿಗೆ ಹೋದ ವರ್ಷದ ಗೆರೆಗೂ ಈ ವರ್ಷದ ಗೆರೆಗೂ ಸಾವಿರಾರು ಕಿಲೋಮೀಟರ್ ಅಂತರ ಕಂಡರೆ ಗಾಬರಿ ಬೇಡ.